ಬೆನ್ನುಹುರಿಗೆ ಪೆಟ್ಟಾದ ಮೇಲೆ ನನ್ನ ಓಡಾಟವನ್ನು ಅಳೆದದ್ದು ಹೀಗೆ

ಬೆನ್ನುಹುರಿಗೆ ಪೆಟ್ಟಾದವರ ಮನೆಗೆ ಬರುವವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ನಡೀತಾನಾ?" ನಮ್ಮ ಮನೆಗೆ ಬಂದವರೂ ಅದನ್ನೇ ಕೇಳಿದರು. ನನ್ನನ್ನು ಕೇಳಿದವರು ಕಡಿಮೆ. ಜಾಸ್ತಿ ಜನ ನಾನು ಅಲ್ಲೇ ಮಲಗಿದ್ದರೂ ಆಯಿಯನ್ನು, ಅಂದರೆ ಅಮ್ಮನನ್ನು ಕೇಳಿದರು. ಬೆಂಗಳೂರಿನ ಪುನರ್ವಸತಿ ಕೇಂದ್ರಕ್ಕೆ ಸೇರಿದ ಮೇಲೆ ಪ್ರಶ್ನೆಗಳೇ ಬದಲಾದವು. ಮಲಗಿದಲ್ಲೇ ಮಗ್ಗುಲು ಬದಲಿಸ್ತೀರಾ? ಯಾರೂ ಹಿಡಿಯದೆ ಎದ್ದು ಕೂರ್ತೀರಾ? ಕುರ್ಚಿಯಿಂದ ಮಂಚಕ್ಕೆ ಹೋಗ್ತೀರಾ? ನೆಲಕ್ಕೆ ಇಳಿದರೆ ವಾಪಸ್ ಹತ್ತೋಕೆ ಆಗುತ್ತಾ? ಒಂದೊಂದಕ್ಕೂ ಬೇರೆ ಬೇರೆ ಅಂಕ. ನನಗೆ ದಾರಿ ತೋರಿಸಿದ್ದು ಈ ಸಣ್ಣ ಪ್ರಶ್ನೆಗಳೇ. ಮೊದಲ ಸಲ ಇಂಥ ಪರೀಕ್ಷೆಗೆ ಹೋಗುವವರಿಗೆ ಒಳಗೆ ಏನು ನಡೆಯುತ್ತೆ ಅಂತ ಯಾರೂ ಹೇಳಿರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಶಿರಸಿ ಕಡೆಯ ಹಳ್ಳಿ. ಸಣ್ಣ ಅಡಿಕೆ ತೋಟ ಇದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲೇಬೇಕು. ಮರ ಹತ್ತುವ ಕೊನೆಗೌಡರು ಈಗ ಸಿಗುವುದು ಕಷ್ಟ. ಹಾಗಾಗಿ ನಾನೇ ಹತ್ತುತ್ತಿದ್ದೆ. ಒದ್ದೆ ಮರದಿಂದ ಬಿದ್ದೆ. ಬೆನ್ನಿನ ಕೆಳಭಾಗದಲ್ಲಿ, ಡಾಕ್ಟರುಗಳು ಡಿ12, ಎಲ್1 ಅನ್ನುವ ಕಡೆ, ಮೂಳೆ ಒಡೆದು ಬೆನ್ನುಹುರಿಯನ್ನು ಒತ್ತಿತು. ಅಕ್ಕಪಕ್ಕದ ಮನೆಯವರು ಹಲಗೆ ತಂದು, ಬೆನ್ನು ಬಾಗದ ಹಾಗೆ ನನ್ನನ್ನು ಅದರ ಮೇಲೆ ಉರುಳಿಸಿ ಸಾಗಿಸಿದರು. ರಟ್ಟೆ, ಮೊಣಕಾಲು ಹಿಡಿದು ಎತ್ತಿದ್ದರೆ ಉಳಿದಿದ್ದೂ ಹೋಗಬಹುದಿತ್ತು ಅಂತ ಆಮೇಲೆ ಸರ್ಜನ್ ಹೇಳಿದರು. ಹುಬ್ಬಳ್ಳಿಯಲ್ಲಿ ರಾಡು, ಸ್ಕ್ರೂ ಹಾಕಿ ಆಪರೇಷನ್ ಮಾಡಿದರು. ಗಾಯ ಒಣಗಿದ ಮೇಲೆ ಬೆಂಗಳೂರಿಗೆ ಹೋದೆವು.

ಮೊದಲು ಅಳೆಯುವುದು ಓಡಾಟವನ್ನಲ್ಲ, ನರಗಳನ್ನು. ಇದನ್ನು ಎಲ್ಲರೂ ಏಷಿಯಾ ಚಾರ್ಟ್ ಅನ್ನುತ್ತಾರೆ. ಅಮೆರಿಕದ ಬೆನ್ನುಹುರಿ ಪೆಟ್ಟಿನ ವೈದ್ಯರ ಸಂಘದ ಹೆಸರಿನ ಮೊದಲಕ್ಷರಗಳು ಅವು. ಅಂಗಾತ ಮಲಗಿಸಿ, ಕಣ್ಣು ಮುಚ್ಚಿಸಿ, ಡಾಕ್ಟರು ಮೊದಲು ಕೆನ್ನೆಗೆ ಹತ್ತಿ ಮುಟ್ಟಿಸಿದರು. "ಇಲ್ಲಿ ಹೇಗೆ ಗೊತ್ತಾಗುತ್ತೋ ಅದು ಸರಿಯಾದ ಸ್ಪರ್ಶ. ಬೇರೆ ಕಡೆ ಹೀಗೇ ಗೊತ್ತಾದರೆ ಎರಡು. ಏನೋ ಮಂದ ಅನ್ನಿಸಿದರೆ ಒಂದು. ಗೊತ್ತೇ ಆಗದಿದ್ದರೆ ಸೊನ್ನೆ." ಆಮೇಲೆ ತಲೆಯ ಹಿಂಭಾಗದಿಂದ ಶುರುಮಾಡಿ ಕೆಳಗಿಳಿಯುತ್ತಾ ಹೋದರು. ಮೈಯ ಒಂದೊಂದು ಬದಿಯಲ್ಲಿ 28 ಜಾಗ. ಹತ್ತಿ ಮುಗಿದ ಮೇಲೆ ಅದೇ ಜಾಗಗಳಲ್ಲಿ ಪಿನ್ನು, ಚೂಪೋ ಮೊಂಡೋ ಹೇಳಬೇಕು. ಒಂದೊಂದು ಜಾಗಕ್ಕೂ ಅಲ್ಲಿಗೆ ಬರುವ ನರದ ಹೆಸರು. ಎದೆಯ ತೊಟ್ಟಿನ ಮಟ್ಟ ಟಿ4, ಹೊಕ್ಕುಳ ಟಿ10. ಹೊಕ್ಕುಳ ದಾಟಿ ತೊಡೆಯ ಸಂದಿಯವರೆಗೂ ನನಗೆ ಸರಿಯಾಗಿ ಗೊತ್ತಾಗುತ್ತಿತ್ತು. ಅಲ್ಲಿಂದ ಕೆಳಗೆ ಸ್ಪರ್ಶ ಮಸುಕಾಗುತ್ತಾ ಹೋಯಿತು.

ನಂತರ ಸ್ನಾಯುಗಳು. ಒಂದೊಂದು ಕೈಯಲ್ಲಿ ಐದು, ಒಂದೊಂದು ಕಾಲಿನಲ್ಲಿ ಐದು. ಪ್ರತಿಯೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ಕಣ್ಣಿಗೆ ಕಾಣುವಷ್ಟೋ ಬೆರಳಿಗೆ ಸಿಗುವಷ್ಟೋ ಮಿಡುಕಿದರೆ ಒಂದು. ಭಾರ ಎತ್ತದೆ, ಹಾಸಿಗೆಯ ಮೇಲೆ ಜರುಗಿಸಲಾದರೆ ಎರಡು. ಮೇಲಕ್ಕೆ ಎತ್ತಲಾದರೆ ಮೂರು. ಎರಡಕ್ಕೂ ಮೂರಕ್ಕೂ ನಡುವೆ ಎಷ್ಟು ದೂರ ಅಂತ ಅಲ್ಲಿ ಮಲಗಿದವರಿಗೇ ಗೊತ್ತು. ನನ್ನ ಸೊಂಟದ ಸ್ನಾಯುಗಳು ಎರಡೂ ಕಡೆ ಮೂರು. ಬಲ ಮೊಣಕಾಲು ಮೂರು, ಎಡ ಎರಡು. ಬಲ ಪಾದದಲ್ಲಿ ಒಂದು ಮಿಡುಕು, ಎಡ ಪಾದದಲ್ಲಿ ಏನೂ ಇಲ್ಲ. ಎರಡು ಕಾಲಿಗೆ ಸೇರಿ 50ಕ್ಕೆ 12.

ಕೊನೆಯ ಪರೀಕ್ಷೆಗೆ ಮನೆಯವರನ್ನು ಹೊರಗೆ ಕಳಿಸುತ್ತಾರೆ. ಗ್ಲೌಸ್ ಹಾಕಿದ ಬೆರಳನ್ನು ಗುದದ್ವಾರದಲ್ಲಿ ಇಟ್ಟು, ಒತ್ತಿದ್ದು ಗೊತ್ತಾಗುತ್ತಾ, ಬಿಗಿ ಹಿಡಿಯಲಿಕ್ಕೆ ಆಗುತ್ತಾ ಅಂತ ನೋಡುತ್ತಾರೆ. ಮುಜುಗರ ಆಗುತ್ತೆ, ನಿಜ. ಆದರೆ ಇದನ್ನು ಬೇಡ ಅನ್ನಬೇಡಿ. ಬೆನ್ನುಹುರಿಯ ಕಟ್ಟಕಡೆಯ ನರಗಳು ಅಲ್ಲಿಗೆ ಬರುತ್ತವೆ. ಅಲ್ಲಿ ಸ್ವಲ್ಪವಾದರೂ ಸ್ಪರ್ಶ ಉಳಿದಿದ್ದರೆ ಮೇಲಿನಿಂದ ಕೆಳಗಿನವರೆಗೆ ಯಾವುದೋ ಎಳೆ ಕಡಿಯದೆ ಉಳಿದಿದೆ ಅಂತ ಅರ್ಥ. ಪೆಟ್ಟು ಪೂರ್ತಿಯೋ ಭಾಗಶಃವೋ ಅನ್ನುವುದು ನಿಶ್ಚಯ ಆಗುವುದೇ ಇಲ್ಲಿ. ಎಲ್ಲ ಸೇರಿಸಿ ಎ ಇಂದ ಇ ವರೆಗೆ ಒಂದು ಅಕ್ಷರ ಕೊಡುತ್ತಾರೆ. ಎ ಅಂದರೆ ಪೂರ್ತಿ ಪೆಟ್ಟು, ಇ ಅಂದರೆ ಎಲ್ಲ ಸರಿ ಇದೆ. ಹುಬ್ಬಳ್ಳಿಯಲ್ಲಿ ನನ್ನ ಹಾಳೆಯಲ್ಲಿ ಬಿ ಇತ್ತು. ಕಾಲಿನ ಸ್ನಾಯುಗಳು ಸ್ವಲ್ಪ ಮಿಸುಕಾಡಿದ್ದರಿಂದ ಬೆಂಗಳೂರಿನಲ್ಲಿ ಅದು ಸಿ ಆಯಿತು.

ಆ ಅಕ್ಷರ ಡಾಕ್ಟರಿಗೆ ಬಹಳ ಮುಖ್ಯ. ಆದರೆ ನಾನು ಬೆಳಿಗ್ಗೆ ಹೇಗೆ ಏಳುತ್ತೇನೆ, ಬಚ್ಚಲಿಗೆ ಹೇಗೆ ಹೋಗುತ್ತೇನೆ ಅಂತ ಅದರಲ್ಲಿ ಇಲ್ಲ. ನಮ್ಮ ವಾರ್ಡಿನಲ್ಲೇ ಸಿ ಅಂತ ಬರೆದಿದ್ದ ಇನ್ನೊಬ್ಬರಿದ್ದರು. ಅವರಿಗೆ ಕುತ್ತಿಗೆಯಲ್ಲಿ ಪೆಟ್ಟು. ಚಮಚ ಹಿಡಿಯುವುದೇ ಅವರಿಗೆ ಕಷ್ಟ. ನಾನು ಎರಡೂ ಕೈಯಲ್ಲಿ ಚಕ್ರ ತಿರುಗಿಸುತ್ತಿದ್ದೆ. ಅಕ್ಷರ ಒಂದೇ, ದಿನ ಬೇರೆ.

ಹಾಗಾಗಿ ಎರಡನೆಯ ಅಳತೆ ಬರುತ್ತದೆ. ನಮ್ಮಲ್ಲಿ ಬಳಸಿದ್ದು ಸ್ಕಿಮ್ ಅನ್ನುವ ಪಟ್ಟಿ, ಮೂರನೆಯ ಆವೃತ್ತಿ. ಬೆನ್ನುಹುರಿ ಪೆಟ್ಟಾದವರಿಗಾಗಿಯೇ ಮಾಡಿದ್ದು. ಇಸ್ರೇಲಿನ ಅಮಿರಾಮ್ ಕಾಟ್ಜ್ ಮತ್ತು ಅವರ ಜೊತೆಗಾರರು 1997ರಲ್ಲಿ ಇದನ್ನು ಮೊದಲು ಪ್ರಕಟಿಸಿದರು. ಅದಕ್ಕೂ ಮುಂಚಿನ ಎಫ್‌ಐಎಂ ಅನ್ನುವ ಪಟ್ಟಿ ಲಕ್ವ ಹೊಡೆದವರಿಗೂ ಒಂದೇ, ತಲೆಗೆ ಪೆಟ್ಟಾದವರಿಗೂ ಒಂದೇ, ನಮಗೂ ಒಂದೇ. ಸ್ಕಿಮ್‌ನಲ್ಲಿ ಒಟ್ಟು 100 ಅಂಕ. ಊಟ, ಸ್ನಾನ, ಬಟ್ಟೆಗೆ 20. ಉಸಿರಾಟ, ಮೂತ್ರ, ಮಲ ವಿಸರ್ಜನೆಗೆ 40. ಓಡಾಟಕ್ಕೆ 40.

ಮೂತ್ರ, ಮಲದ ಮಾತು ಇಲ್ಲಿ ಯಾಕೆ ಅಂತ ಅನ್ನಿಸಬಹುದು. ಹೊರಗೆ ಹೋಗುವ ಧೈರ್ಯ ಬರುವುದು ಅಲ್ಲಿಂದಲೇ. ಸಮಯಕ್ಕೆ ಸರಿಯಾಗಿ ಕ್ಯಾಥೆಟರ್ ಹಾಕಿ ಮೂತ್ರಕೋಶ ಖಾಲಿ ಮಾಡಿಕೊಳ್ಳುವುದನ್ನು ಕಲಿಯದಿದ್ದರೆ ಮದುವೆ ಮನೆಯಲ್ಲಿ ಊಟ ಮುಗಿಯುವ ತನಕ ಕೂರುವುದೂ ಆಗುವುದಿಲ್ಲ. ಚಕ್ರ ತಿರುಗಿಸುವ ಬಲ ಎಷ್ಟಿದ್ದರೂ ಮನೆಯಲ್ಲೇ ಉಳಿಯುತ್ತೀರಿ.

ಓಡಾಟದ ಭಾಗ ಶುರುವಾಗುವುದು ಹಾಸಿಗೆಯಿಂದ. ಫಿಸಿಯೋ ಮೇಡಂ ಪಟ್ಟಿ ಹಿಡಿದು ಪಕ್ಕದಲ್ಲಿ ನಿಂತರು. ನನ್ನ ಹೆಂಡತಿ ಅಭ್ಯಾಸ ಬಲದಿಂದ ಸಹಾಯಕ್ಕೆ ಬಂದಳು. "ಅಕ್ಕಾ, ನೀವು ಸ್ವಲ್ಪ ದೂರ ಕೂತ್ಕೊಳ್ಳಿ. ಇವತ್ತು ಹೆಗಡೆಯವ್ರು ಒಬ್ರೇ ಮಾಡಬೇಕು" ಅಂದರು. ನೋಡುವುದು ನಾಲ್ಕು ಕೆಲಸ. ಮೈಯ ಮೇಲ್ಭಾಗ ಹೊರಳಿಸುವುದು, ಕೆಳಭಾಗ ಹೊರಳಿಸುವುದು, ಎದ್ದು ಕೂರುವುದು, ವೀಲ್‌ಚೇರ್‌ನಲ್ಲಿ ಕೂತು ಕೈ ಊರಿ ಕುಂಡಿ ಎತ್ತುವುದು. ನಾಲ್ಕೂ ಬಂದರೆ ಆರು ಅಂಕ. ಎರಡೋ ಮೂರೋ ಬಂದರೆ ನಾಲ್ಕು. ಒಂದೇ ಬಂದರೆ ಎರಡು. ಅವತ್ತು ನನಗೆ ಬಂದದ್ದು ಮೇಲ್ಭಾಗ ಹೊರಳಿಸುವುದು ಮಾತ್ರ. ಕಾಲುಗಳು ಮಲಗಿದಲ್ಲೇ ಮಲಗಿದ್ದವು.

ಕುಂಡಿ ಎತ್ತುವುದನ್ನು ಓಡಾಟ ಅಂತ ಯಾಕೆ ಸೇರಿಸಿದ್ದಾರೆ ಅಂತ ಕೇಳಿದೆ. "ನಮಗೆಲ್ಲ ಒಂದೇ ಕಡೆ ಕೂತರೆ ನೋವಾಗುತ್ತೆ, ಗೊತ್ತಿಲ್ಲದೇ ಜರುಗ್ತೀವಿ. ನಿಮಗೆ ಆ ನೋವು ಬರಲ್ಲ. ಅದಕ್ಕೇ ನೆನಪಿಟ್ಟುಕೊಂಡು ಜರುಗಬೇಕು" ಅಂದರು. ಜರುಗದಿದ್ದರೆ ಮೂಳೆ ಒತ್ತಿದಲ್ಲಿ ರಕ್ತ ಓಡುವುದಿಲ್ಲ, ಚರ್ಮ ಒಳಗಿನಿಂದಲೇ ಕೊಳೆಯಲು ಶುರುವಾಗುತ್ತದೆ. ಬೆಡ್‌ಸೋರ್ ಆದವರು ತಿಂಗಳುಗಟ್ಟಲೆ ಬೋರಲು ಮಲಗಿದ್ದನ್ನು ನಾನು ವಾರ್ಡಿನಲ್ಲೇ ನೋಡಿದೆ. ಕೈ ಊರಿ ಎತ್ತುವುದನ್ನು ಜಾಸ್ತಿ ಹೊತ್ತು ಹಿಡಿದಿಡಲು ಆಗುವುದಿಲ್ಲ. ಅದಕ್ಕೆ ಮುಂದಕ್ಕೆ ಬಾಗಿ, ಎದೆಯನ್ನು ತೊಡೆಯ ಮೇಲಿಟ್ಟು ಒಂದೆರಡು ನಿಮಿಷ ಇರುವುದನ್ನೂ ಕಲಿಸಿದರು. ಈಗಲೂ ಅರ್ಧ ಗಂಟೆಗೊಮ್ಮೆ ಮಾಡುತ್ತೇನೆ. ನೋಡಿದವರು ಹೊಟ್ಟೆನೋವಾ ಅಂತ ಕೇಳುತ್ತಾರೆ.

ಆಮೇಲೆ ಜಾಗ ಬದಲಿಸುವುದು. ವೀಲ್‌ಚೇರ್‌ನಿಂದ ಮಂಚಕ್ಕೆ, ಮಂಚದಿಂದ ವೀಲ್‌ಚೇರ್‌ಗೆ. ಇದರಲ್ಲಿ ನೋಡುವುದು ಕೂತ ಜಾಗ ಬದಲಾಯಿತಾ ಅಂತ ಮಾತ್ರ ಅಲ್ಲ. ಕುರ್ಚಿಯನ್ನು ಮಂಚಕ್ಕೆ ಓರೆಯಾಗಿ ನಿಲ್ಲಿಸಿದಿರಾ, ಬ್ರೇಕ್ ಹಾಕಿದಿರಾ, ಕಾಲು ಇಡುವ ಪಟ್ಟಿ ಎತ್ತಿದಿರಾ, ಕುರ್ಚಿಯ ಪಕ್ಕದ ಕೈ ಬಿಚ್ಚಿದಿರಾ, ಕಾಲುಗಳನ್ನು ನೀವೇ ಎತ್ತಿಟ್ಟಿರಾ, ಎಲ್ಲವೂ ಲೆಕ್ಕ. ಯಾರಾದರೂ ಪಕ್ಕದಲ್ಲಿ ನಿಂತು ನೋಡಿಕೊಳ್ಳಬೇಕಾದರೆ ಒಂದು ಅಂಕ. ಜಾರಿಕೊಂಡು ದಾಟುವ ಹಲಗೆ, ಸ್ಲೈಡಿಂಗ್ ಬೋರ್ಡ್, ಬಳಸಿದರೂ ಒಂದೇ. ಏನೂ ಇಲ್ಲದೆ ಸ್ವಂತ ದಾಟಿದರೆ ಎರಡು. ಟಾಯ್ಲೆಟ್ಟಿಗೆ ದಾಟುವುದಕ್ಕೂ, ಕಾರಿಗೆ ಹತ್ತುವುದಕ್ಕೂ ಹೀಗೆಯೇ.

ಒಂದು ಮಾತು ಮೇಡಂ ಪದೇ ಪದೇ ಹೇಳುತ್ತಿದ್ದರು. "ಮಾಡೋಕೆ ಆಗುತ್ತಾ ಅಂತ ನಾನು ಕೇಳ್ತಿಲ್ಲ. ದಿನಾ ಹಾಗೇ ಮಾಡ್ತೀರಾ ಅಂತ ಕೇಳ್ತಿದ್ದೀನಿ." ಪರೀಕ್ಷೆ ಅಂತ ಹಲ್ಲು ಕಚ್ಚಿ ಒಂದು ಸಲ ದಾಟಿ ತೋರಿಸಿದರೆ ಅವರು ಒಪ್ಪುತ್ತಿರಲಿಲ್ಲ. ರಾತ್ರಿ ಡ್ಯೂಟಿಯ ನರ್ಸನ್ನು ಕೇಳುತ್ತಿದ್ದರು, ಹೆಂಡತಿಯನ್ನು ಕೇಳುತ್ತಿದ್ದರು. ಇದು ನನಗೆ ಬಹಳ ಸರಿ ಅನ್ನಿಸಿತು. ಬೇರೆಯವರ ಎದುರು ಒಂದು ಸಲ ಮಾಡಿದ್ದನ್ನು ನಂಬಿ ಮನೆಗೆ ಕಳಿಸಿದರೆ ಬೀಳುವವರು ನಾವೇ ಅಲ್ವಾ?

ಮೊದಲ ಸಲ ಓಡಾಟದಲ್ಲಿ ನನಗೆ ಸಿಕ್ಕಿದ್ದು 40ಕ್ಕೆ 5.

ಪಟ್ಟಿಯ ಕೊನೆಯಲ್ಲಿ ನೆಲದಿಂದ ವೀಲ್‌ಚೇರ್‌ಗೆ ಹತ್ತುವುದು ಅಂತ ಒಂದು ಸಾಲಿದೆ. ಅದಕ್ಕೆ ಇಡೀ ಪಟ್ಟಿಯಲ್ಲೇ ಅತಿ ಕಡಿಮೆ ಅಂಕ, ಬರೀ ಒಂದು. ಬಂದರೆ ಒಂದು, ಇಲ್ಲದಿದ್ದರೆ ಸೊನ್ನೆ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡ ಸಾಲು. ನಮ್ಮ ಕಡೆಯ ಬದುಕು ನಡೆಯುವುದೇ ನೆಲದ ಮೇಲೆ. ಊಟಕ್ಕೆ ನೆಲದ ಮೇಲೆ ಪಂಕ್ತಿ. ದೇವರ ಎದುರು ಮಣೆ. ಅಡಿಕೆ ಸುಲಿಯುವ ಕಾಲದಲ್ಲಿ ಹತ್ತಾರು ಜನ ನೆಲದ ಮೇಲೆ ಮೆಟ್ಟುಗತ್ತಿ ಇಟ್ಟುಕೊಂಡು ಮಧ್ಯರಾತ್ರಿಯವರೆಗೆ ಕೂತಿರುತ್ತಾರೆ, ಊರಿನ ಮಾತೆಲ್ಲ ಅಲ್ಲೇ ಆಗುವುದು. ನೆಲಕ್ಕೆ ಇಳಿಯಲಾಗದವನು ಅಲ್ಲಿ ಎಲ್ಲರ ತಲೆಗಿಂತ ಎತ್ತರದಲ್ಲಿ ಒಬ್ಬನೇ ಕೂರಬೇಕು. ಇನ್ನೂ ಒಂದಿದೆ. ವೀಲ್‌ಚೇರ್‌ನಲ್ಲಿ ಓಡಾಡುವವರು ಯಾವತ್ತಾದರೂ ಬೀಳುತ್ತಾರೆ. ಮನೆಯಲ್ಲಿ ಯಾರೂ ಇಲ್ಲದಾಗ ಬಿದ್ದರೆ? ಈ ಸಾಲಿಗೆ ಜಾಸ್ತಿ ಸಮಯ ಕೊಡಿ ಅಂತ ನಾನೇ ಕೇಳಿಕೊಂಡೆ. ಅವರು ಸಂತೋಷದಿಂದ ಒಪ್ಪಿದರು.

ಅದರ ಪಾಠ ಹೀಗಿತ್ತು. ನೆಲದ ಮೇಲೆ ಕಾಲು ಚಾಚಿ ಕೂರಬೇಕು. ಪಕ್ಕದಲ್ಲಿ ಬೇರೆ ಬೇರೆ ಎತ್ತರದ ಮೂರು ಸ್ಟೂಲು, ಮೆಟ್ಟಿಲಿನ ಹಾಗೆ. ಒಂದು ಕೈ ನೆಲಕ್ಕೆ, ಒಂದು ಕೈ ಸ್ಟೂಲಿಗೆ. ತಲೆಯನ್ನು ಜೋರಾಗಿ ಕೆಳಗೆ, ಸ್ಟೂಲಿನ ವಿರುದ್ಧ ದಿಕ್ಕಿಗೆ ತಗ್ಗಿಸಬೇಕು. ಆಗ ಸೊಂಟ ತಾನಾಗಿ ಮೇಲೇಳುತ್ತದೆ. ಏತದ ಮರದ ಒಂದು ತುದಿ ಒತ್ತಿದರೆ ಇನ್ನೊಂದು ಏಳುತ್ತದಲ್ಲ, ಹಾಗೆ. ಕೈಬಲ ಎಷ್ಟಿದ್ದರೂ ತಲೆ ಎತ್ತಿಕೊಂಡೇ ಪ್ರಯತ್ನಿಸಿದರೆ ಆಗುವುದಿಲ್ಲ. ಮೊದಲು ಗಿಡ್ಡ ಸ್ಟೂಲು, ಆಮೇಲೆ ನಡುವಿನದು, ಆಮೇಲೆ ಎತ್ತರದ್ದು, ಅಲ್ಲಿಂದ ಕುರ್ಚಿ. ಪ್ರತಿ ಸಲ ಇಳಿದಾಗಲೂ ಹತ್ತಿದಾಗಲೂ ಕನ್ನಡಿ ಹಿಡಿದು ಚರ್ಮ ಕೆಂಪಾಗಿದೆಯಾ ನೋಡಬೇಕು. ಉಜ್ಜಿದ್ದೂ ತರಚಿದ್ದೂ ನಮಗೆ ಗೊತ್ತಾಗುವುದಿಲ್ಲವಲ್ಲ.

ನನ್ನ ಪಕ್ಕದ ಮಂಚದಲ್ಲಿ ಚಿತ್ರದುರ್ಗ ಕಡೆಯ ಒಬ್ಬ ಹುಡುಗನಿದ್ದ. ಬೈಕ್ ಅಪಘಾತ, ಪೆಟ್ಟು ಕುತ್ತಿಗೆಯ ಆರನೆಯ ನರದ ಮಟ್ಟದಲ್ಲಿ, ಅಂದರೆ ಸಿ6. ಅವನಿಗೆ ಬೆರಳು ಮಡಚುವುದಿಲ್ಲ, ಮಣಿಕಟ್ಟು ಮಾತ್ರ ಮೇಲಕ್ಕೆ ಎತ್ತಬಲ್ಲ. ಮಣಿಕಟ್ಟು ಎತ್ತಿದಾಗ ಬೆರಳುಗಳು ತಾವಾಗಿ ಒಳಗೆ ಮುದುಡುತ್ತವೆ. ಆ ಹಿಡಿತದಲ್ಲೇ ಅವನು ಕಾಫಿ ಲೋಟ ಎತ್ತುವುದನ್ನು ಕಲಿತ. ಹಾಗಾಗಿ ಅವನ ಬೆರಳುಗಳನ್ನು ಪೂರ್ತಿ ಎಳೆದು ಸಡಿಲ ಮಾಡಬೇಡಿ ಅಂತ ಮನೆಯವರಿಗೆ ಥೆರಪಿಸ್ಟ್ ಎಚ್ಚರಿಸಿದ್ದರು. ಆ ಬಿಗಿಯೇ ಅವನ ಹಿಡಿತ. ಹಾಸಿಗೆಗೆ ಕಟ್ಟಿದ ಪಟ್ಟಿಗೆ ಮಣಿಕಟ್ಟು ಸಿಕ್ಕಿಸಿ, ಎಳೆದುಕೊಂಡು, ಒಂದು ದಿನ ಅವನು ತಾನೇ ಮಗ್ಗುಲಾದ. ಅಂಕದ ಪಟ್ಟಿಯಲ್ಲಿ ಸೊನ್ನೆ ಎರಡಾಯಿತು. ಅವನ ಅಮ್ಮ ರಾತ್ರಿಯಿಡೀ ಎರಡು ಗಂಟೆಗೊಮ್ಮೆ ಎದ್ದು ಅವನನ್ನು ಹೊರಳಿಸುತ್ತಿದ್ದರು. ಆ ಎರಡು ಅಂಕ ಅಂದರೆ ಆ ತಾಯಿಯ ನಿದ್ದೆ.

ಅವನ ಮಾವ ಅದಕ್ಕೂ ಮುಂಚೆ ವೆಲ್ಲೂರಿಗೆ ಹೋಗಿ ವಿಚಾರಿಸಿ ಬಂದಿದ್ದರು. ಅಲ್ಲಿನ ಡಾ. ಮೇರಿ ವರ್ಗೀಸ್ ಅವರ ಕಥೆಯನ್ನು ನಮಗೆ ಹೇಳಿದರು. 1954ರಲ್ಲಿ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಅವರ ಕಾಲುಗಳ ಬಲ ಹೋಯಿತು. ಆಮೇಲೆ ವೀಲ್‌ಚೇರ್‌ನಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಆಪರೇಷನ್ ಮಾಡಿದರು. 1966ರಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಪುನರ್ವಸತಿ ಸಂಸ್ಥೆ ಶುರುವಾದದ್ದು ಅವರಿಂದ. ವಾರ್ಡಿನಲ್ಲಿ ಅವತ್ತು ಎಲ್ಲರೂ ಸುಮ್ನೆ ಕೇಳಿಸಿಕೊಂಡರು. ಓಡಾಟದ ಪಟ್ಟಿಯಲ್ಲಿ ಆ ಡಾಕ್ಟರಿಗೆ ಎಷ್ಟು ಅಂಕ ಸಿಗುತ್ತಿತ್ತು ಅಂತ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಆ ಲೆಕ್ಕ ಹೇಳಲೇಬೇಕು. ಮನೆಯೊಳಗಿನ ಓಡಾಟ, 10ರಿಂದ 100 ಮೀಟರ್ ದೂರದ ಓಡಾಟ, 100 ಮೀಟರಿಗಿಂತ ಜಾಸ್ತಿ ಹೊರಗಿನ ಓಡಾಟ, ಈ ಮೂರಕ್ಕೂ ಎಂಟೆಂಟು ಅಂಕ. ಕೈಯಲ್ಲಿ ತಳ್ಳುವ ವೀಲ್‌ಚೇರ್‌ನಲ್ಲಿ ಯಾರ ಸಹಾಯವೂ ಇಲ್ಲದೆ ಓಡಾಡಿದರೆ ಎಂಟಕ್ಕೆ ಎರಡು. ಏನೂ ಹಿಡಿಯದೆ, ಏನೂ ಕಟ್ಟಿಕೊಳ್ಳದೆ ನಡೆದರೆ ಎಂಟು. ಮೆಟ್ಟಿಲಿಗೆ ಮೂರು. ಹಾಗಾಗಿ ವೀಲ್‌ಚೇರ್‌ನಲ್ಲಿ ಎಲ್ಲವನ್ನೂ ಸ್ವಂತ ಮಾಡಿಕೊಳ್ಳುವವರಿಗೂ, ಮೆಟ್ಟಿಲು ಹತ್ತಲಾಗದಿದ್ದರೆ, 40ರಲ್ಲಿ 19ಕ್ಕಿಂತ ಜಾಸ್ತಿ ಬರುವುದಿಲ್ಲ. ಕೇಂದ್ರದಿಂದ ಹೊರಡುವಾಗ ನನಗೆ 18 ಬಂದಿತ್ತು. ಕಾರಿಗೆ ಹತ್ತುವಾಗ ಮಾತ್ರ ಒಬ್ಬರು ಕಾಲು ಹಿಡಿಯಬೇಕಿತ್ತು, ಅಲ್ಲಿ ಒಂದು ಹೋಯಿತು. ಹಾಳೆ ನೋಡಿದ ಆಯಿಯ ಮುಖ ಸಣ್ಣದಾಯಿತು. "ಅರ್ಧನೂ ಇಲ್ವಲ್ಲ ತಮಾ" ಅಂದಳು. ಮೇಡಂ ಅವಳ ಪಕ್ಕ ಕೂತರು. "ಅಮ್ಮಾ, ಬಂದಾಗ ಐದಿತ್ತು. ಈಗ ರಾತ್ರಿ ಇವರನ್ನ ಯಾರೂ ಹೊರಳಿಸಬೇಕಾಗಿಲ್ಲ. ಟಾಯ್ಲೆಟ್ಟಿಗೆ ಯಾರೂ ಎತ್ತಬೇಕಾಗಿಲ್ಲ. ಬಿದ್ದರೂ ತಾವೇ ಏಳ್ತಾರೆ" ಅಂತ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಆಯಿ ಎಲ್ಲವನ್ನೂ ಕೇಳಿದಳು. ಕೇಳಿದ ಮೇಲೆ, "ಹಾಗಾದ್ರೆ ನಾನು ಮಧ್ಯಾಹ್ನ ಒಂದು ಗಳಿಗೆ ದೇವಸ್ಥಾನಕ್ಕೆ ಹೋಗಿ ಬರಬಹುದು" ಅಂದಳು. ನಾನು ಬಿದ್ದ ಮೇಲೆ ಅವಳು ಎಲ್ಲಿಗೂ ಹೋಗಿರಲಿಲ್ಲ.

ನಡಿಗೆಯ ಪರೀಕ್ಷೆಯೂ ಆಯಿತು. ಎಡಗಾಲಿಗೆ ತೊಡೆಯವರೆಗಿನ ಕ್ಯಾಲಿಪರ್, ಅಂದರೆ ಕಾಲಿಗೆ ಕಟ್ಟುವ ಆಸರೆ, ಮೊಣಕಾಲಿನ ಹತ್ತಿರ ಲಾಕ್ ಇರುವಂಥದ್ದು. ಬಲಗಾಲಿಗೆ ಪಾದ ಜೋತುಬೀಳದಂತೆ ಹಿಡಿಯುವ ಸಣ್ಣದು. ಮೊದಲು ಪ್ಯಾರಲಲ್ ಬಾರಿನೊಳಗೆ, ಆಮೇಲೆ ವಾಕರ್. ನಡಿಗೆಗೆ ಬೇರೆಯದೇ ಪಟ್ಟಿ ಇದೆ, ಸೊನ್ನೆಯಿಂದ 20ರ ವರೆಗೆ. 10 ಮೀಟರ್ ದೂರವನ್ನು ಯಾವ ಆಸರೆಯಲ್ಲಿ, ಎಷ್ಟು ಜನರ ಸಹಾಯದಲ್ಲಿ ದಾಟುತ್ತೀರಿ ಅನ್ನುವುದರ ಮೇಲೆ ಮಟ್ಟ. ವಾಕರ್, ಕ್ಯಾಲಿಪರ್, ಹಿಡಿಯಲು ಒಬ್ಬರು ಇದ್ದರೆ ಆರನೆಯ ಮಟ್ಟ. ಹಿಡಿಯುವವರು ಬೇಡ ಅಂದರೆ ಒಂಬತ್ತು. ನಾನು ಆರರಿಂದ ಒಂಬತ್ತಕ್ಕೆ ಬಂದೆ. ಆವತ್ತು ಇಡೀ ಜಿಮ್ಮು ಚಪ್ಪಾಳೆ ತಟ್ಟಿತು. ನನಗೂ ಕಣ್ಣು ತುಂಬಿತು.

ಮಾರನೆಯ ದಿನ ಮೇಡಂ ಸ್ಟಾಪ್‌ವಾಚ್ ಹಿಡಿದರು. ನೆಲಕ್ಕೆ ಟೇಪ್ ಅಂಟಿಸಿದ್ದರು. 10 ಮೀಟರಿಗೆ ಮುಂಚೆ ಸ್ವಲ್ಪ, ದಾಟಿದ ಮೇಲೆ ಸ್ವಲ್ಪ ಜಾಗ ಬಿಟ್ಟು, ನಡುವಿನ 10 ಮೀಟರಿನ ಸಮಯ ಮಾತ್ರ ಬರೆದುಕೊಳ್ಳುತ್ತಾರೆ. ಹೊರಡುವಾಗಿನ ತಡ, ನಿಲ್ಲುವಾಗಿನ ತಡ ಲೆಕ್ಕಕ್ಕೆ ಬರಬಾರದು ಅಂತ. ನನಗೆ ಹಿಡಿದದ್ದು 50 ಸೆಕೆಂಡು. ಸೆಕೆಂಡಿಗೆ 20 ಸೆಂಟಿಮೀಟರ್. ಅವರು ಆ ಅಂಕಿಯನ್ನು ಬರೆದು ನನ್ನನ್ನೇ ಲೆಕ್ಕ ಹಾಕಲು ಹೇಳಿದರು. ಮನೆಯಿಂದ ತೋಟದ ಬೇಲಿಗೆ ಎಷ್ಟು ದೂರ? 100 ಮೀಟರಿಗೆ ಏನೂ ಕಡಿಮೆ ಇಲ್ಲ. ಅಷ್ಟು ದೂರಕ್ಕೆ ಎಂಟು ನಿಮಿಷದ ಮೇಲೆ ಬೇಕು, ಅದೂ ಸಮತಟ್ಟಾದ ನೆಲದಲ್ಲಿ, ಎರಡೂ ಕೈ ವಾಕರಿನ ಮೇಲೆ. ಕೈಯಲ್ಲಿ ಒಂದು ಅಡಿಕೆಯನ್ನೂ ಹಿಡಿಯುವ ಹಾಗಿಲ್ಲ. ವೀಲ್‌ಚೇರ್‌ನಲ್ಲಿ ಅದೇ ದೂರ ಎರಡು ನಿಮಿಷದೊಳಗೆ ಮುಗಿಯುತ್ತದೆ, ಮಡಿಲಲ್ಲಿ ಬುಟ್ಟಿಯನ್ನೂ ಇಟ್ಟುಕೊಳ್ಳಬಹುದು.

ನಡಿಗೆ ಬೇಡ ಅಂತ ಹೇಳುತ್ತಿಲ್ಲ. ನಿಲ್ಲುವುದರಿಂದ ಮೂಳೆಗೆ, ಹೊಟ್ಟೆಗೆ, ಮನಸ್ಸಿಗೆ ಒಳ್ಳೆಯದಾಗುತ್ತದೆ. ದಿನಾ ಸಂಜೆ ಜಗಲಿಯಲ್ಲಿ ವಾಕರ್ ಹಿಡಿದು ನಡೆಯುತ್ತೇನೆ. ಆದರೆ ಕೆಲಸಕ್ಕೆ ಹೋಗಲು ಚಕ್ರ ಅಂತ ಆ ದಿನವೇ ತೀರ್ಮಾನ ಮಾಡಿದೆ. ಸ್ಟಾಪ್‌ವಾಚ್ ಇಲ್ಲದಿದ್ದರೆ ಇನ್ನೂ ಎಷ್ಟು ಕಾಲ ಆ ಒಂದೇ ಪ್ರಶ್ನೆಯ ಹಿಂದೆ ಓಡುತ್ತಿದ್ದೆನೋ. ನಮ್ಮಲ್ಲಿ ಎಷ್ಟೋ ಜನ ನಡೆಯುವ ತನಕ ಹೊರಗೆ ಬರುವುದಿಲ್ಲ ಅಂತ ವೀಲ್‌ಚೇರನ್ನೇ ಮುಟ್ಟದೆ ಹಾಸಿಗೆಯಲ್ಲಿ ವರ್ಷಗಳನ್ನು ಕಳೆಯುತ್ತಾರೆ. ಅದನ್ನು ನೆನೆದರೆ ನನಗೆ ಬಹಳ ಸಂಕಟ ಆಗುತ್ತದೆ.

ವೀಲ್‌ಚೇರ್ ಓಡಿಸುವುದಕ್ಕೂ ಪರೀಕ್ಷೆ ಇದೆ. ಕಿರಿದಾದ ಜಾಗದಲ್ಲಿ ತಿರುಗಿಸುವುದು, ಬಾಗಿಲು ತೆಗೆದು ದಾಟಿ ಮುಚ್ಚುವುದು, ಇಳಿಜಾರು, ಜಲ್ಲಿಕಲ್ಲು, ಹೊಸ್ತಿಲು. ಮುಂದಿನ ಚಿಕ್ಕ ಚಕ್ರಗಳನ್ನು ಎತ್ತಿ ಹಿಂದಿನ ಎರಡರ ಮೇಲೆ ನಿಲ್ಲುವುದನ್ನು ಕಲಿಸಿದಾಗ ಹೆಂಡತಿ ಗಾಬರಿಯಾದಳು. ಅದು ಗೊತ್ತಿಲ್ಲದೆ ಹೊಸ್ತಿಲು ದಾಟಲು ಆಗುವುದಿಲ್ಲ. ಹಳ್ಳಿ ಮನೆಯಲ್ಲಿ ಹೊಸ್ತಿಲಿಲ್ಲದ ಬಾಗಿಲು ಎಲ್ಲಿದೆ?

ಮನೆಗೆ ಬಂದ ಮೇಲೆ ನಡೆದದ್ದು ನನಗೆ ಎಲ್ಲಕ್ಕಿಂತ ಮುಖ್ಯ. ಆರು ತಿಂಗಳ ನಂತರ ಕೇಂದ್ರದವರು ಮನೆಗೇ ಬಂದು ಅದೇ ಪಟ್ಟಿಯನ್ನು ಮತ್ತೆ ತುಂಬಿದರು. ನನ್ನ ಕೈಬಲ ಜಾಸ್ತಿಯಾಗಿತ್ತು, ಸ್ನಾಯುಗಳ ಅಂಕವೂ ಕಡಿಮೆಯಾಗಿರಲಿಲ್ಲ. ಆದರೂ 18 ಇದ್ದದ್ದು 16ಕ್ಕೆ ಇಳಿಯಿತು. ಬಚ್ಚಲಿನ ಬಾಗಿಲು ಎರಡು ಅಡಿ, ಅಂದರೆ 60 ಸೆಂಟಿಮೀಟರ್. ನನ್ನ ವೀಲ್‌ಚೇರ್ ಅದಕ್ಕಿಂತ ಅಗಲ. ಹೊರಗೇ ಕುರ್ಚಿ ಬಿಟ್ಟು, ಹೆಂಡತಿ ಹಿಡಿದು ಒಳಗಿನ ಪ್ಲಾಸ್ಟಿಕ್ ಕುರ್ಚಿಗೆ ದಾಟಿಸುತ್ತಿದ್ದಳು. ಟಾಯ್ಲೆಟ್ಟಿನ ಸಾಲಿನಲ್ಲಿ ಒಂದು ಅಂಕ ಹೋಯಿತು. ಅಂಗಳದಿಂದ ತೋಟದ ಕಡೆಗಿನ ದಾರಿ ಮಳೆಯಲ್ಲಿ ಕೆಸರು, ಯಾರಾದರೂ ತಳ್ಳಬೇಕಿತ್ತು. ಅಲ್ಲಿ ಇನ್ನೊಂದು. ಮೈ ಅದೇ, ಮನೆ ಬೇರೆ, ಅಂಕ ಬೇರೆ. ಕೇಂದ್ರದ ನುಣುಪು ನೆಲ, ಅಗಲ ಬಾಗಿಲುಗಳಲ್ಲಿ ತುಂಬಿದ ಹಾಳೆ ಮಾತ್ರ ನನ್ನ ಹತ್ತಿರ ಇದ್ದಿದ್ದರೆ, ತಪ್ಪು ನನ್ನ ಮೈಯಲ್ಲೇ ಇದೆ ಅಂದುಕೊಳ್ಳುತ್ತಿದ್ದೆ.

ಅವರ ಜೊತೆ ಬಂದಿದ್ದ ಆಕ್ಯುಪೇಷನಲ್ ಥೆರಪಿಸ್ಟ್ ಟೇಪ್ ಹಿಡಿದು ಇಡೀ ಮನೆ ಅಳೆದರು. ಬಾಗಿಲು 90 ಸೆಂಟಿಮೀಟರ್ ಆದರೆ ಒಳ್ಳೆಯದು ಅಂದರು. ನಮ್ಮ ಗೋಡೆಯಲ್ಲಿ 80ಕ್ಕೇ ನಿಲ್ಲಿಸಬೇಕಾಯಿತು, ಅದೂ ಸಾಕಾಯಿತು. ಇಳಿಜಾರಿಗೆ ಲೆಕ್ಕ 1:12. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ನಮ್ಮ ಜಗಲಿ ಅಂಗಳದಿಂದ 45 ಸೆಂಟಿಮೀಟರ್ ಎತ್ತರ, ಹಾಗಾಗಿ ಐದೂವರೆ ಮೀಟರಿನಷ್ಟು ಉದ್ದ ಬೇಕು. ಊರಿನ ಮೇಸ್ತ್ರಿ ಅಷ್ಟು ಉದ್ದ ಯಾಕೆ, ಅರ್ಧ ಸಾಕು ಅಂದ. ಅವನನ್ನೇ ವೀಲ್‌ಚೇರ್‌ನಲ್ಲಿ ಕೂರಿಸಿ ಹಲಗೆಯ ಮೇಲೆ ಹತ್ತಿಸಿದೆವು. ಆಮೇಲೆ ಮಾತಿಲ್ಲದೆ ಚಿರೆಕಲ್ಲಿನಲ್ಲಿ ಪೂರ್ತಿ ಉದ್ದ ಕಟ್ಟಿಕೊಟ್ಟ.

ಅಂಗವಿಕಲತೆಯ ಸರ್ಟಿಫಿಕೇಟಿಗೆ ನಡೆಯುವ ತಪಾಸಣೆ ಬೇರೆಯದು, ಇದರ ಜೊತೆ ಸೇರಿಸಿಕೊಳ್ಳಬೇಡಿ. ಅಲ್ಲಿ ವೈದ್ಯರು ಶೇಕಡಾವಾರು ಬರೆಯುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮೀಸಲಾತಿಯಂಥ ಸೌಲಭ್ಯಗಳಿಗೆ ಕನಿಷ್ಠ 40 ಶೇಕಡಾ ಇರಬೇಕು. ಸ್ಕಿಮ್‌ನಲ್ಲಿ ಅಂಕ ಜಾಸ್ತಿಯಾದಷ್ಟೂ ಒಳ್ಳೆಯದು, ಅಲ್ಲಿ ಸಂಖ್ಯೆ ಜಾಸ್ತಿಯಾದಷ್ಟೂ ತೊಂದರೆ ಜಾಸ್ತಿ ಅಂತ. ಎರಡೂ ಹಾಳೆ ಒಟ್ಟಿಗೆ ನೋಡಿದ ನಮ್ಮ ಭಾವ ಪೂರಾ ಗೊಂದಲಕ್ಕೆ ಬಿದ್ದಿದ್ದ. ನಾನು ಹೋದ ಕಡೆ ಆ ಕೋಣೆ ಮೊದಲ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಇಬ್ಬರು ನನ್ನನ್ನು ಕುರ್ಚಿ ಸಮೇತ ಹೊತ್ತುಕೊಂಡು ಹೋದರು. ಓಡಾಡಲಾಗದವರನ್ನು ತಪಾಸಣೆ ಮಾಡುವ ಕೋಣೆ ಮೇಲಿರುವುದನ್ನು ನಾನು ಒಪ್ಪಲಾರೆ. ಅಲ್ಲೇ ಲಿಖಿತವಾಗಿ ದೂರು ಕೊಟ್ಟು ಬಂದೆ.

ಹೋಗುವವರಿಗೆ ನನ್ನದು ಇಷ್ಟು ಕೋರಿಕೆ. ತುಂಬಿದ ಹಾಳೆಯ ಪ್ರತಿ ಕೇಳಿ ತೆಗೆದುಕೊಳ್ಳಿ, ಒಟ್ಟು ಅಂಕ ಮಾತ್ರ ಅಲ್ಲ, ಸಾಲು ಸಾಲಿನದ್ದು. ಸೇರುವ ಮುಂಚೆಯೇ ಮನೆಯ ಬಾಗಿಲು, ಬಚ್ಚಲು, ಮೆಟ್ಟಿಲುಗಳ ಫೋಟೋ, ಅಳತೆ ಒಯ್ಯಿರಿ. ನಿಮ್ಮ ಕೆಲಸ ಏನು, ದಿನದಲ್ಲಿ ನೆಲದ ಮೇಲೆ ಎಷ್ಟು ಹೊತ್ತು ಕೂರುತ್ತಿದ್ದಿರಿ ಅಂತ ಥೆರಪಿಸ್ಟಿಗೆ ಹೇಳಿ. ಅವರಾಗಿ ಊಹಿಸುವುದು ಕಷ್ಟ. ದಾಟಿಸಲು ಮನೆಯವರು ಮುಂದೆ ಬಂದರೆ ಪರೀಕ್ಷೆಯ ದಿನವಾದರೂ ತಡೆಯಿರಿ.

ಬಚ್ಚಲಿನ ಬಾಗಿಲು ಅಗಲವಾದ ಮೇಲೆ ಹೋಗಿದ್ದ ಒಂದು ಅಂಕ ವಾಪಸ್ ಬಂತು. ತೋಟದ ದಾರಿಗೆ ಪಂಪ್‌ಸೆಟ್ ಮನೆಯವರೆಗೆ ಕಲ್ಲು ಹಾಸಿದ್ದೇವೆ, ಅಲ್ಲಿಗೆ ಒಬ್ಬನೇ ಹೋಗಿ ಮೋಟಾರು ಹಾಕಿ ಬರುತ್ತೇನೆ. ಅದರಾಚೆಯ ಇಳಿಜಾರಿನಲ್ಲಿ ಈಗಲೂ ತಳ್ಳಲು ಒಬ್ಬರು ಬೇಕು. ಹೊರಗಿನ ಓಡಾಟದ ಸಾಲಿನಲ್ಲಿ ಇನ್ನೂ ಒಂದೇ ಇದೆ. ಕಳೆದ ಸುಗ್ಗಿಯಲ್ಲಿ ದಪ್ಪ ಕುಶನ್ ಹಾಕಿಕೊಂಡು, ಹೊತ್ತಿಗೊಮ್ಮೆ ಬಾಗಿ ಎದ್ದು, ಎಲ್ಲರ ಜೊತೆ ನೆಲದ ಮೇಲೆ ಕೂತು ಅಡಿಕೆ ಸುಲಿದೆ. ಸ್ಟೂಲುಗಳನ್ನು ಮೂರರಿಂದ ಎರಡಕ್ಕೆ ಇಳಿಸಿದ್ದೇನೆ. ಸ್ಟೂಲೇ ಇಲ್ಲದೆ ನೆಲದಿಂದ ನೇರ ಕುರ್ಚಿಗೆ ಹತ್ತುವುದನ್ನು ಈಗ ಕಲಿಯುತ್ತಿದ್ದೇನೆ. ಪಟ್ಟಿಯಲ್ಲಿ ಅದಕ್ಕೆ ಜಾಸ್ತಿ ಅಂಕ ಇಲ್ಲ. ತೋಟದಲ್ಲಿ ಬಿದ್ದರೆ ಅಲ್ಲಿ ಸ್ಟೂಲು ಇರುವುದಿಲ್ಲ, ಅದಕ್ಕೆ.